ಸಾಲಕ್ಕೆ ಒಂದು ದೇಶ ಸಾಲದು

ಧಾರವಾಡ ದಾಟಿ ಬೆಳಗಾವಿ ದಿಕ್ಕಿಗೆ ಹೊರಟರೆ ಹೆದ್ದಾರಿ ಪಕ್ಕದಲ್ಲೇ ಬೇಲೂರು ಕೈಗಾರಿಕಾ ಪ್ರದೇಶ. ಹಾಸನದ ಬೇಲೂರಲ್ಲ. ಇಲ್ಲಿ ಶಿಲಾಬಾಲಿಕೆಯರಿಲ್ಲ. ಲೇಥ್ ಇದೆ, ಡೈ ಇದೆ, ಕಬ್ಬಿಣದ ಚೂರಿನ ಗುಡ್ಡೆ ಇದೆ. ಸಾಲ ಕಟ್ಟಲಾಗದವನ ಶೆಡ್ಡಿನ ಷಟರ್ ಮೇಲೆ ಮೈದಾ ಅಂಟು ಬಳಿದು ಮೆತ್ತಿದ ಬ್ಯಾಂಕ್ ನೋಟೀಸೂ ಇರುತ್ತದೆ.

ಆ ನೋಟೀಸನ್ನು ಒಮ್ಮೆ ಓದಬೇಕು. ಎಷ್ಟು ಚುರುಕಾದ ಕಾನೂನು! 90 ದಿನ ಕಂತು ತಪ್ಪಿದರೆ ಖಾತೆ ಕೆಟ್ಟ ಸಾಲ, ಅಂದರೆ ಎನ್‌ಪಿಎ. 2002ರ ಸರ್ಫೇಸಿ ಕಾಯ್ದೆಯಡಿ 60 ದಿನದ ಗಡುವು. ಗಡುವು ಮುಗಿದರೆ ಸ್ವಾಧೀನ. ಕೋರ್ಟಿನ ಮೆಟ್ಟಿಲು ಹತ್ತುವ ಕಷ್ಟವೂ ಬ್ಯಾಂಕಿಗಿಲ್ಲ. ಮರುದಿನ ಪೇಪರಿನಲ್ಲಿ ಜಾಹೀರಾತು. ಸಾಲಗಾರನ ಹೆಸರು, ಜಾಮೀನುದಾರಳಾದ ಹೆಂಡತಿಯ ಹೆಸರು, ಚಕ್ಕುಬಂದಿ ಸಮೇತ ಮನೆಯ ವಿವರ. ಓಣಿಯವರೆಲ್ಲ ಓದಿ, ಓದಿಲ್ಲ ಎಂಬಂತೆ ನಟಿಸುತ್ತಾರೆ.

ಆತ ಮಾಡಿದ ಅಪರಾಧವೇನು? ದೊಡ್ಡ ಕಂಪನಿಗೆ ಬಿಡಿಭಾಗ ಮಾಡಿಕೊಟ್ಟ. ಕಂಪನಿ ಬಿಲ್ ಪಾಸು ಮಾಡಲಿಲ್ಲ. ಕಂಪನಿ ತಡಮಾಡಿದರೆ ಅದು ವ್ಯವಹಾರ. ಇವನು ತಡಮಾಡಿದರೆ ಅದು ಡೀಫಾಲ್ಟ್.

ತಕರಾರಿದ್ದರೆ ಆತ ಡಿಆರ್‌ಟಿಗೆ, ಅಂದರೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಅದು ಬೆಂಗಳೂರಿನಲ್ಲಿದೆ. ಧಾರವಾಡದಲ್ಲಿ ಹೈಕೋರ್ಟ್ ಪೀಠವೇ ಬಂದಿದೆ, 2013ರಲ್ಲಿ ಕಾಯಂ ಕೂಡ ಆಗಿದೆ. ಡಿಆರ್‌ಟಿಗೆ ಮಾತ್ರ ರಾತ್ರಿ ಬಸ್ಸು ಹತ್ತಬೇಕು. ಅಲ್ಲಿ ಸೋತರೆ ಮೇಲ್ಮನವಿ ಚೆನ್ನೈನಲ್ಲಿ. ಮೇಲ್ಮನವಿ ಹಾಕುವ ಮೊದಲು ಬಾಕಿಯ ಅರ್ಧ ಹಣ ಠೇವಣಿ ಇಡಬೇಕು, ದೊಡ್ಡ ಮನಸ್ಸು ಮಾಡಿದರೆ ಕಾಲುಭಾಗ. ಅಷ್ಟು ದುಡ್ಡು ಇದ್ದಿದ್ದರೆ ಅವನು ಚೆನ್ನೈಗೆ ಯಾಕೆ ಹೋಗುತ್ತಿದ್ದ?

ಈಗ ಒಂದು ಪ್ರಯೋಗ. ಈ ಲೇಥ್ ಮಾಲೀಕ ಡಿಆರ್‌ಟಿ ಮುಂದೆ ಕೈಮುಗಿದು ನಿಂತು ಹೀಗೆನ್ನಲಿ: ‘ಸಾಹೇಬ್ರ, ನಂದು ಇನ್ನೊಂದು ಕೇಸ್ ಬೆಳಗಾವಿ ಕೋರ್ಟಿನ್ಯಾಗ ನಡದೈತ್ರಿ. ಅದು ಮುಗಿಯೂತನಕ ಇದನ್ನ ತಡೀರಿ.’ ನಗು ತಡೆಯಲು ಮೊದಲು ಪೇದೆ ಹೊರಗೆ ಹೋಗುತ್ತಾನೆ.

ಬೆಳಗಾವಿ ಅಂದದ್ದೇ ತಪ್ಪು. ಲಂಡನ್ ಅನ್ನಬೇಕಿತ್ತು.

ಲಂಡನ್ ಅಂದವರ ಕಥೆ ಕನ್ನಡಿಗರಿಗೆ ಹೊಸದಲ್ಲ. ವಿಜಯ್ ಮಲ್ಯ. 2002ರಲ್ಲಿ ಮತ್ತು 2010ರಲ್ಲಿ ನಾವೇ, ಅಂದರೆ ನಮ್ಮ ಶಾಸಕರೇ, ರಾಜ್ಯಸಭೆಗೆ ಕಳಿಸಿಕೊಟ್ಟ ಗಣ್ಯರು. ಹುಬ್ಬಳ್ಳಿಗೂ ಸಂಬಂಧ ಉಂಟು. ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರುಮಾಡಿದ್ದು ಹುಬ್ಬಳ್ಳಿ–ಬೆಂಗಳೂರು ಮಾರ್ಗದಿಂದಲೇ. ಆ ಅಗ್ಗದ ವಿಮಾನವನ್ನು ಮಲ್ಯರು ಕೊಂಡರು. ತಮ್ಮ ಕಿಂಗ್‌ಫಿಷರ್ ವಿಮಾನಗಳ ಕೆಂಪು ಬಣ್ಣ ಬಳಿದರು. 2012ರ ಅಕ್ಟೋಬರ್ ಹೊತ್ತಿಗೆ ಹಾರಾಟ ಬಂದ್. ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳವಿಲ್ಲ.

ಬ್ಯಾಂಕುಗಳು ಅವರಿಗೆ ಸಾಲ ಕೊಟ್ಟ ಬಗೆಯನ್ನು ಬೇಲೂರಿನವರು ಕೂತು ಕೇಳಬೇಕು. ಇವರಿಂದ ಅಪ್ಪನ ಮನೆಯ ಪತ್ರ, ಅವ್ವನ ಸಹಿ, ಮಾವನ ಜಾಮೀನು ಕೇಳುವ ಬ್ಯಾಂಕುಗಳು, ಅವರಿಂದ ಅಡವು ಇಟ್ಟುಕೊಂಡದ್ದರಲ್ಲಿ ಒಂದು ಹಕ್ಕಿಯ ಚಿತ್ರವೂ ಇತ್ತು. ಕಿಂಗ್‌ಫಿಷರ್ ಎಂಬ ಬ್ರಾಂಡು! ಸಾಲ ಕೊಡುವಾಗ ಅದರ ಬೆಲೆ ಸಾವಿರಾರು ಕೋಟಿ. 2016ರ ಏಪ್ರಿಲ್‌ನಲ್ಲಿ 366 ಕೋಟಿ ರೂಪಾಯಿಗೆ ಹರಾಜಿಗಿಟ್ಟರೆ ಒಬ್ಬನೂ ಕೂಗಲಿಲ್ಲ. ಅದಕ್ಕೂ ಮುಂಚೆ, 2011ರಲ್ಲಿ, ಸಾಲದ ಒಂದು ಭಾಗವನ್ನು ಷೇರಾಗಿ ಬದಲಿಸಿಕೊಂಡಿದ್ದರು. ಎಷ್ಟು ದರಕ್ಕೆ? ಮಾರುಕಟ್ಟೆ ದರಕ್ಕಿಂತ ಶೇ. 60ಕ್ಕೂ ಹೆಚ್ಚು ಕೊಟ್ಟು. ಮುಳುಗುವ ಕಂಪನಿಯ ಷೇರನ್ನು ಚೌಕಾಸಿ ಮಾಡಿ ಜಾಸ್ತಿ ಬೆಲೆಗೆ ಕೊಂಡ ಜಗತ್ತಿನ ಏಕೈಕ ಗಿರಾಕಿ ನಮ್ಮ ಬ್ಯಾಂಕು ಇದ್ದೀತು.

ಮುಂದೆ ಎಸ್‌ಬಿಐ ಮುಂದಾಳತ್ವದಲ್ಲಿ ಬ್ಯಾಂಕುಗಳ ಕೂಟ 2013ರಲ್ಲಿ ಬೆಂಗಳೂರು ಡಿಆರ್‌ಟಿಗೆ ಹೋಯಿತು. 180 ದಿನದಲ್ಲಿ ಮುಗಿಸಲು ಯತ್ನಿಸಬೇಕು ಅನ್ನುತ್ತದೆ ಕಾನೂನು. ತೀರ್ಪು ಬಂದದ್ದು 2017ರ ಜನವರಿ 19ಕ್ಕೆ. 6,203 ಕೋಟಿ ರೂಪಾಯಿ, ಮೇಲೆ ಶೇ. 11.5 ಬಡ್ಡಿ. ಅಷ್ಟರಲ್ಲಿ ಸಾಲಗಾರರು ಊರಲ್ಲಿರಲಿಲ್ಲ.

2015ರ ಅಕ್ಟೋಬರಿನಲ್ಲಿ ಸಿಬಿಐ ಹೊರಡಿಸಿದ ಲುಕ್‌ಔಟ್ ನೋಟೀಸು ‘ಕಂಡರೆ ಹಿಡಿಯಿರಿ’ ಅನ್ನುತ್ತಿತ್ತು. ಮರು ತಿಂಗಳು ಅದು ‘ಕಂಡರೆ ತಿಳಿಸಿ’ ಆಯಿತು. 2016ರ ಮಾರ್ಚ್ 2ರಂದು ಕಂಡರು. ತಿಳಿಸಿರಬೇಕು. ಸಂಸದರು ರಾಜತಾಂತ್ರಿಕ ಪಾಸ್‌ಪೋರ್ಟ್ ಹಿಡಿದು ಲಂಡನ್ ವಿಮಾನ ಹತ್ತಿದರು. ಅದೂ ಜೆಟ್ ಏರ್‌ವೇಸ್ ವಿಮಾನ. (ಅದೂ 2019ರಲ್ಲಿ ಬಾಗಿಲು ಹಾಕಿತು. ಬ್ಯಾಂಕುಗಳ ಕೈಗುಣ.) ಒಂದು ವಾರದ ಬಳಿಕ ಬ್ಯಾಂಕುಗಳ ಪರವಾಗಿ ಅಟಾರ್ನಿ ಜನರಲ್ ಸುಪ್ರೀಂ ಕೋರ್ಟಿಗೆ ಹೇಳಿದರು: ಅವರು ಹೋಗಿಬಿಟ್ಟಿದ್ದಾರೆ.

ಆಮೇಲೆ ಶುರುವಾಯಿತು ಅಸಲಿ ಆಟ. ಇಲ್ಲಿಯ ಕೋರ್ಟು ಅಲ್ಲಿಯ ಕೋರ್ಟಿಗಾಗಿ ಕಾಯುವುದು. ಅಲ್ಲಿಯ ಕೋರ್ಟು ಇಲ್ಲಿಯ ಕೋರ್ಟಿಗಾಗಿ ಕಾಯುವುದು. ‘ಮೊದಲು ತಾವು’, ‘ಇಲ್ಲ, ಮೊದಲು ತಾವು’.

ನಂಬಿಕೆ ಬಾರದಿದ್ದರೆ ನ್ಯಾಯಾಂಗ ನಿಂದನೆ ಪ್ರಕರಣ ನೋಡಿ. ಡಿಯಾಜಿಯೋ ಎಂಬ ಮದ್ಯದ ಕಂಪನಿಯಿಂದ ಬಂದ ಹಣದಲ್ಲಿ 4 ಕೋಟಿ ಡಾಲರನ್ನು ಮಲ್ಯರು ಮಕ್ಕಳ ಹೆಸರಿಗೆ ದಾಟಿಸಿದರು. ಕರ್ನಾಟಕ ಹೈಕೋರ್ಟಿನ ಆದೇಶ ಅದಕ್ಕೆ ಅಡ್ಡ ನಿಂತಿತ್ತು. ಲೆಕ್ಕಿಸಲಿಲ್ಲ. 2017ರ ಮೇ 9ರಂದು ಸುಪ್ರೀಂ ಕೋರ್ಟು ತಪ್ಪಿತಸ್ಥ ಎಂದಿತು. ಜುಲೈಯಲ್ಲಿ ಖುದ್ದು ಬನ್ನಿ ಎಂದಿತು. ಬರಲಿಲ್ಲ. ಬದಲಿಗೆ ಮರುಪರಿಶೀಲನಾ ಅರ್ಜಿ ಬಂತು. ಆ ಅರ್ಜಿ ಮೂರು ವರ್ಷ ನ್ಯಾಯಮೂರ್ತಿಗಳ ಮುಂದೆ ಬರಲೇ ಇಲ್ಲ. ಯಾಕೆ ಬರಲಿಲ್ಲ ಎಂದು 2020ರ ಜೂನ್‌ನಲ್ಲಿ ನ್ಯಾಯಮೂರ್ತಿಗಳೇ ತಮ್ಮ ರಿಜಿಸ್ಟ್ರಿಯನ್ನು ಕೇಳಬೇಕಾಯಿತು. ಕೊನೆಗೂ ವಿಚಾರಣೆಗೆ ಬಂದ ದಿನ ಫೈಲಿನಲ್ಲಿ ಒಂದು ಕಾಗದ ಕಾಣೆ. ಮುಂದಕ್ಕೆ ಹಾಕಿದರು. ಬೇಲೂರಿನವನ ಫೈಲಿನಲ್ಲಿ ಎಂದಾದರೂ ಬ್ಯಾಂಕಿಗೆ ಬೇಕಾದ ಕಾಗದ ಕಳೆದದ್ದು ಕೇಳಿದ್ದೀರಾ? ಕಳೆಯುವುದು ಅವನು ಸಾಲ ತೀರಿಸಿದ ಮೇಲೆ, ಮನೆಪತ್ರ ವಾಪಸು ಕೇಳಿದಾಗ ಮಾತ್ರ.

ಆ ಅರ್ಜಿ ವಜಾ ಆದ ಮೇಲಾದರೂ ಶಿಕ್ಷೆಯಾಯಿತೇ? ಇಲ್ಲ. ಆಗ ಕೇಂದ್ರ ಸರ್ಕಾರ ಹೇಳಿತು: ಬ್ರಿಟನ್ನಿನಲ್ಲಿ ಇನ್ನೊಂದು ಕಾನೂನು ಪ್ರಕ್ರಿಯೆ ನಡೆದಿದೆ. ಏನದು? ಅದು ಗೋಪ್ಯ. ಎಷ್ಟು ದಿನ? ಅದೂ ಗೋಪ್ಯ. 2018ರ ಡಿಸೆಂಬರಿನಲ್ಲಿ ವೆಸ್ಟ್‌ಮಿನ್‌ಸ್ಟರ್ ಕೋರ್ಟು ಗಡೀಪಾರಿಗೆ ಒಪ್ಪಿತ್ತು. ಬ್ರಿಟನ್ನಿನ ಗೃಹ ಸಚಿವರು 2019ರಲ್ಲಿ ರುಜು ಹಾಕಿದ್ದರು. 2020ರ ಮೇ ಹೊತ್ತಿಗೆ ಅಪೀಲಿನ ದಾರಿಗಳೆಲ್ಲ ಮುಚ್ಚಿದ್ದವು. ಆದರೂ ಮನುಷ್ಯ ಅಲ್ಲೇ. ಮುಂಬೈಯ ಆರ್ಥರ್ ರೋಡ್ ಜೈಲಿನ ಕೋಣೆಗೆ ಬೆಳಕು ಬರುತ್ತದೆಯೇ ಎಂದು ನೋಡಲು ವೆಸ್ಟ್‌ಮಿನ್‌ಸ್ಟರ್ ನ್ಯಾಯಾಧೀಶರು ವಿಡಿಯೊ ತರಿಸಿಕೊಂಡಿದ್ದರು. ನಾವೂ ಭಕ್ತಿಯಿಂದ ಚಿತ್ರೀಕರಿಸಿ ಕಳಿಸಿದೆವು. ಆ ಜೈಲಿನ ಮಿಕ್ಕ ಕೋಣೆಗಳಿಗೆ ಬೆಳಕು ಬರುತ್ತದೆಯೇ ಎಂದು ಯಾರೂ ಕೇಳಿಲ್ಲ, ಅಲ್ಲಿರುವವರು ಲಂಡನ್ನಿಗೆ ಹೋಗಿ ಬಂದವರಲ್ಲ.

2021ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿಗೂ ಸಾಕಾಯಿತು. ಇನ್ನು ಕಾಯಲಾಗದು ಎಂದಿತು. 2022ರ ಜುಲೈ 11ರಂದು ಶಿಕ್ಷೆ ಪ್ರಕಟವಾಯಿತು. ನಾಲ್ಕು ತಿಂಗಳ ಜೈಲು, ಮತ್ತು ದಂಡ. ದಂಡದ ಮೊತ್ತ ಎರಡು ಸಾವಿರ ರೂಪಾಯಿ. ನಾಲ್ಕು ವಾರದಲ್ಲಿ ಕಟ್ಟತಕ್ಕದ್ದು. ತಪ್ಪಿದರೆ ಇನ್ನೂ ಎರಡು ತಿಂಗಳು. 1971ರ ನ್ಯಾಯಾಂಗ ನಿಂದನೆ ಕಾಯ್ದೆಯಲ್ಲಿ ದಂಡಕ್ಕೆ ಅದಕ್ಕಿಂತ ಹೆಚ್ಚಿನ ಅವಕಾಶವೇ ಇಲ್ಲವಂತೆ. 4 ಕೋಟಿ ಡಾಲರ್ ಬಡ್ಡಿ ಸಹಿತ ವಾಪಸು ಬರಲಿ ಎಂದೂ ಕೋರ್ಟು ಹೇಳಿದೆ. ತಪ್ಪಿತಸ್ಥ ಎನ್ನುವುದಕ್ಕೂ ಶಿಕ್ಷೆ ಹೇಳುವುದಕ್ಕೂ ನಡುವೆ ಐದು ವರ್ಷ. ಅದರಲ್ಲಿ ಕಳ್ಳರಿಗಿಂತ ಗುಮಾಸ್ತರು ತಿಂದದ್ದೇ ಹೆಚ್ಚು.

ಅತ್ತ ಲಂಡನ್ನಿನಲ್ಲಿ ಏನಾಗುತ್ತಿತ್ತು? ಇವರನ್ನು ದಿವಾಳಿ ಎಂದು ಘೋಷಿಸಿ ಎಂದು ಬ್ಯಾಂಕುಗಳು 2018ರಲ್ಲೇ ಅರ್ಜಿ ಹಾಕಿದ್ದವು. 2020ರ ಏಪ್ರಿಲ್‌ನಲ್ಲಿ ಅಲ್ಲಿಯ ನ್ಯಾಯಾಧೀಶ ಬ್ರಿಗ್ಸ್ ಅದನ್ನು ಮುಂದೂಡಿದರು. ಕಾರಣ? ಭಾರತದ ಸುಪ್ರೀಂ ಕೋರ್ಟಿನಲ್ಲಿ ಮಲ್ಯರ ಅರ್ಜಿಗಳಿವೆ, ಕರ್ನಾಟಕ ಹೈಕೋರ್ಟಿನ ಮುಂದೆ ರಾಜಿ ಪ್ರಸ್ತಾಪವಿದೆ, ಅವು ಮುಗಿಯಲಿ! ಇಲ್ಲಿ ಬಾಕಿ ಬಿದ್ದಿದ್ದ ಕಾಗದಗಳು ಮಂಜೂರು ಮಾಡಿಕೊಟ್ಟ ರಜೆ ಇದು. ಅದೇ ತಿಂಗಳು, ಅದೇ ಊರಿನಲ್ಲಿ, ಇನ್ನೊಂದು ಕೋರ್ಟು ಗಡೀಪಾರಿನ ವಿರುದ್ಧದ ಅಪೀಲನ್ನು ವಜಾ ಮಾಡಿತ್ತು. ಒಂದು ಕೋರ್ಟು ಹೊರಡು ಅಂದಿತು. ಇನ್ನೊಂದು ಕೂತುಕೋ ಅಂದಿತು. ಯಾವ ಮಾತು ಕೇಳುವುದು ಲಾಭ ಎಂಬುದು ಮಲ್ಯರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ದಿವಾಳಿ ಆದೇಶ ಬಂದಾಗ 2021ರ ಜುಲೈ. ಅದರ ಮೇಲಿನ ಅಪೀಲು ಬಿದ್ದುಹೋದಾಗ 2025ರ ಏಪ್ರಿಲ್.

ಇದಕ್ಕೆಲ್ಲ ವಕೀಲರ ಬಳಿ ಗಂಭೀರವಾದ ಉತ್ತರಗಳಿವೆ. ಒಂದೇ ಸಂಗತಿಗೆ ಎರಡು ಕಡೆ ತೀರ್ಪು ಬಂದು ಅವು ಒಂದಕ್ಕೊಂದು ತಾಗಬಾರದು. ಆರೋಪಿಯ ಹಕ್ಕು ಕಾಪಾಡಬೇಕು. ದೇಶದೇಶಗಳ ನಡುವೆ ಮರ್ಯಾದೆ ಇರಬೇಕು. ಎಲ್ಲ ಒಪ್ಪಿದೆ. ಈ ಮರ್ಯಾದೆ ಬೇಲೂರಿನ ಶೆಡ್ಡಿಗೆ ಯಾಕಿಲ್ಲ ಎಂಬ ಒಂದೇ ಪ್ರಶ್ನೆ ನನ್ನದು. ಅವನ ಹಕ್ಕಿಗೂ ಅದೇ ಸಂವಿಧಾನವಲ್ಲವೇ? ಅಥವಾ ಅದು ಸಿಗಲು ವೀಸಾ ಬೇಕೇ?

2024ರ ಡಿಸೆಂಬರಿನಲ್ಲಿ ವಿತ್ತ ಸಚಿವರು ಲೋಕಸಭೆಯಲ್ಲಿ ಎದೆಯುಬ್ಬಿಸಿ ಹೇಳಿದರು: ಮಲ್ಯರ ಆಸ್ತಿಯಿಂದ 14,131 ಕೋಟಿ ರೂಪಾಯಿ ಸರ್ಕಾರಿ ಬ್ಯಾಂಕುಗಳಿಗೆ ಮರಳಿದೆ. ಮೇಜು ಕುಟ್ಟಿದರು. ಲಂಡನ್ನಿನವರೂ ಮೇಜು ಕುಟ್ಟಿದರು. ಬರಬೇಕಾದದ್ದು 6,203, ಬಂದದ್ದು 14,131, ಹಾಗಾದರೆ ನಾನ್ಯಾಕೆ ಇನ್ನೂ ಅಪರಾಧಿ? 2025ರ ಫೆಬ್ರವರಿಯಲ್ಲಿ ಕರ್ನಾಟಕ ಹೈಕೋರ್ಟಿಗೆ ಬಂದು, ವಸೂಲಿಯ ಲೆಕ್ಕ ಕೊಡಿಸಿ ಅಂದರು. ಬಂದರು ಅಂದರೆ ವಕೀಲರು ಬಂದರು. ಕೋರ್ಟು ಬ್ಯಾಂಕುಗಳಿಗೆ ನೋಟೀಸು ಕೊಟ್ಟಿತು. ಕೋರ್ಟಿಗೆ ಮುಖ ತೋರಿಸದ ಮನುಷ್ಯ ಜೂನ್‌ನಲ್ಲಿ ಒಂದು ಪಾಡ್‌ಕಾಸ್ಟಿಗೆ ನಾಲ್ಕು ಗಂಟೆ ಮುಖ ತೋರಿಸಿದರು. ಓಡಿಹೋದವ ಅನ್ನಿ, ಕಳ್ಳ ಅನ್ನಬೇಡಿ ಎಂದರು.

ಲೆಕ್ಕ ಕೇಳಿದ್ದರಲ್ಲಿ ತಪ್ಪಿಲ್ಲ. ಸಾಲಗಾರನಿಗೆ ಆ ಹಕ್ಕಿದೆ. ಬೇಲೂರಿನವನಿಗೂ ಇದೆ. ಅವನಿಗೂ ಗೊತ್ತಾಗಬೇಕಾದದ್ದು ಇಷ್ಟೇ: ಅಸಲೆಷ್ಟು, ಬಡ್ಡಿಯೆಷ್ಟು, ನೋಟೀಸು ಬರೆದ ವಕೀಲರ ಫೀ ಎಷ್ಟು, ಪೇಪರಿನಲ್ಲಿ ತನ್ನ ಮಾನ ಹರಾಜು ಹಾಕಿದ ಜಾಹೀರಾತಿಗೆ ತನ್ನ ಖಾತೆಯಿಂದಲೇ ಎಷ್ಟು ಕತ್ತರಿಸಿದ್ದಾರೆ. ಕೌಂಟರಿಗೆ ಹೋಗಿ ಕೇಳಿದರೆ ಕೊಡುತ್ತಾರೆ. ಹಳೇ ಸ್ಟೇಟ್‌ಮೆಂಟಿಗೆ ಚಾರ್ಜು, ಚಾರ್ಜಿನ ಮೇಲೆ ಶೇ. 18 ಜಿಎಸ್‌ಟಿ. ಕೈಯಲ್ಲಿ ದುಡ್ಡಿಲ್ಲವೆಂದರೂ ಚಿಂತೆಯಿಲ್ಲ, ಅದನ್ನೂ ಸಾಲದ ಖಾತೆಗೇ ಹಾಕುತ್ತಾರೆ. ಬಡ್ಡಿ ಅಂದಿನಿಂದಲೇ ಶುರು.