ವೃತ್ತಿ ಮಾರ್ಗದರ್ಶಕರಿಗೆ ಒಂದು ಅನುಪಾಲನಾ ವರದಿ

ಸನ್ಮಾನ್ಯರೇ,

ತಾವು ಬೆಂಗಳೂರಿನಿಂದ ರಾತ್ರಿ ರೈಲಿಗೆ ಸಿಂಧನೂರಿಗೆ ಬಂದು, ನಮ್ಮ ಕಾಲೇಜಿನ ಕೊನೆಯ ವರ್ಷದ ಮಕ್ಕಳಿಗೆ ‘ಉದ್ಯೋಗ ಬೇಟೆಗೆ ಸಿದ್ಧತೆ’ ಕುರಿತು ಎರಡೂವರೆ ತಾಸು ಮಾತಾಡಿ, ಶಾಲು ಹೊದಿಸಿಕೊಂಡು, ಒಗ್ಗರಣಿ ಮಿರ್ಚಿ ತಿಂದು ಹೋದಿರಿ. ಹೋಗುವಾಗ ‘ನಾನು ಹೇಳಿದ್ದರಲ್ಲಿ ಎಷ್ಟು ಮಾಡಿದಿರಿ ಅಂತ ಬರೆದು ತಿಳಿಸಿ’ ಎಂದಿರಿ. ಇಮೇಲ್‌ನಲ್ಲೇ ಕಳಿಸುತ್ತಿದ್ದೆ. ಆದರೆ ಕಾಲೇಜಿನ ಇಮೇಲ್ ಪಾಸ್‌ವರ್ಡ್ ಗೊತ್ತಿದ್ದ ಗುಮಾಸ್ತರು ವರ್ಗವಾಗಿ ಹೋಗಿದ್ದಾರೆ. ಹಾಗಾಗಿ ಊರವರೆಲ್ಲ ಓದುವಂತೆ ಹೀಗೆ ಬರೆಯುತ್ತಿದ್ದೇನೆ.

ನನ್ನ ಗುರುತು ತಮಗೆ ಇದ್ದೀತು. ಮೈಕ್ ಕೈಕೊಟ್ಟಾಗ ವೈರ್ ಹಿಡಿದು ನಿಂತಿದ್ದವನೇ ನಾನು, ಪ್ಲೇಸ್‌ಮೆಂಟ್ ಸೆಲ್‌ನ ಸಂಚಾಲಕ. ಹುದ್ದೆಯಿಂದ ಅತಿಥಿ ಉಪನ್ಯಾಸಕ. ಖಾಯಂ ಕೆಲಸವೇ ಇಲ್ಲದವನಿಗೆ ಮಕ್ಕಳಿಗೆ ಕೆಲಸ ಕೊಡಿಸುವ ಹೊಣೆ ಯಾಕೆ ಎಂದು ಕೆಲವರು ನಗುತ್ತಾರೆ. ಪ್ರಿನ್ಸಿಪಾಲರ ಲೆಕ್ಕ ಮಾತ್ರ ಸರಿಯಾಗಿಯೇ ಇದೆ. ಕೆಲಸ ಹುಡುಕುವುದರಲ್ಲಿ ಇಡೀ ಸ್ಟಾಫ್ ರೂಮಿನಲ್ಲಿ ನನ್ನಷ್ಟು ಅನುಭವ ಇನ್ನೊಬ್ಬರಿಗಿಲ್ಲ. ‘ಐದು ವರ್ಷದ ನಂತರ ನಿಮ್ಮನ್ನು ನೀವು ಎಲ್ಲಿ ಕಾಣುತ್ತೀರಿ?’ ಎಂದು ತಾವು ಸಭೆಗೆ ಪ್ರಶ್ನೆ ಎಸೆದಾಗ ನಾನು ಕಿಟಕಿಯ ಕಡೆ ನೋಡಿದ್ದು ಇದೇ ಕಾರಣಕ್ಕೆ. ಮುಂದಿನ ಸೆಮಿಸ್ಟರಿನ ಕಾರ್ಯಭಾರದ ಪಟ್ಟಿ ಆಗಿನ್ನೂ ಬಂದಿರಲಿಲ್ಲ.

ಮೊದಲು ಶುಭ ಸಮಾಚಾರ. ತಮ್ಮ ಕಾರ್ಯಕ್ರಮ ಯಶಸ್ವಿಯಾಗಿದೆ. ಬ್ಯಾನರ್ ಸಮೇತ ಜಿಯೊಟ್ಯಾಗ್ ಫೋಟೊ ಬಂದಿದೆ, ಅದರಲ್ಲಿ ಅಕ್ಷಾಂಶ ರೇಖಾಂಶ ಸ್ಪಷ್ಟವಾಗಿ ಕಾಣುತ್ತಿವೆ. ನ್ಯಾಕ್ ತಂಡದವರು ಬಂದರೆ ತೋರಿಸಲು ಫೈಲಿಗೆ ಹಾಕಿಟ್ಟಿದ್ದೇವೆ. ಆ ಫೈಲ್ ಇರುವ ಕಬ್ಬಿಣದ ಅಲಮಾರಿಯೇ ನಮ್ಮ ಪ್ಲೇಸ್‌ಮೆಂಟ್ ಸೆಲ್. ಕೀಲಿಕೈ ದೈಹಿಕ ಶಿಕ್ಷಣ ನಿರ್ದೇಶಕರ ಹತ್ತಿರ ಇರುತ್ತದೆ, ಒಳಗೆ ವಾಲಿಬಾಲ್ ನೆಟ್ಟೂ ಇರುವುದರಿಂದ.

ಇನ್ನು ತಮ್ಮ ಸೂಚನೆಗಳು. ‘ಎಲ್ಲರೂ ಲಿಂಕ್ಡ್‌ಇನ್ ತೆರೆಯಿರಿ’ ಎಂದಿರಿ, ತೆರೆದರು. ಬೇರೆ ಯಾರೂ ಸಿಗದೆ ಒಬ್ಬರಿಗೊಬ್ಬರು ಕನೆಕ್ಟ್ ಆದರು. ಹಿಂದಿನ ಬೆಂಚಿನವನ ‘ಲೀಡರ್‌ಶಿಪ್’ ಗುಣವನ್ನು ಮುಂದಿನ ಬೆಂಚಿನವನು ಮೆಚ್ಚಿದ, ಅವನದನ್ನು ಇವನು ಮೆಚ್ಚಿದ. ಈಗ ನಮ್ಮ ಬಿಎ ಕೊನೆಯ ವರ್ಷದಲ್ಲಿ ನಾಯಕರೇ ತುಂಬಿದ್ದಾರೆ, ಹಿಂಬಾಲಕರೇ ಇಲ್ಲ.

ರೆಸ್ಯೂಮೆಯೂ ಸಿದ್ಧವಾಗಿದೆ. ಬಸ್ ಸ್ಟ್ಯಾಂಡ್ ಎದುರಿನ ಝರಾಕ್ಸ್ ಅಂಗಡಿಯಲ್ಲಿ ಒಂದು ಮಾದರಿ ಇದೆ, ಹೆಸರು ಬದಲಿಸಿ ಪ್ರಿಂಟ್ ತೆಗೆಯುತ್ತಾರೆ. ಹೀಗಾಗಿ ತರಗತಿಗೆಲ್ಲ ಒಂದೇ ಜೀವನಧ್ಯೇಯ: ‘ಸವಾಲಿನ ವಾತಾವರಣದಲ್ಲಿ ನನ್ನ ಸಾಮರ್ಥ್ಯವನ್ನು ಸಂಸ್ಥೆಯ ಏಳಿಗೆಗೆ ವಿನಿಯೋಗಿಸುವುದು’. ಎಲ್ಲರ ಹವ್ಯಾಸವೂ ಕ್ರಿಕೆಟ್ ಮತ್ತು ಪತ್ರಿಕೆ ಓದುವುದು. ಫೋಟೊದಲ್ಲಿರುವ ಬ್ಲೇಜರ್ ಕೂಡ ಒಂದೇ. ಸ್ಟುಡಿಯೊದವನು ಮೊಳೆಗೆ ನೇತುಹಾಕಿರುವ ನೀಲಿ ಕೋಟು ಅದು, ಬೆನ್ನಿಗೆ ಬಟ್ಟೆಯ ಕ್ಲಿಪ್ ಹಾಕಿ ಯಾರ ಅಳತೆಗಾದರೂ ಕೂಡಿಸುತ್ತಾನೆ. ‘ಸಂದರ್ಶನಕ್ಕೆ ಬ್ಲೇಜರ್ ಕಡ್ಡಾಯ’ ಎಂದಿದ್ದಿರಲ್ಲ, ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಅದನ್ನು ಹಾಕಿಕೊಂಡು ಫೋಟೊ ತೆಗೆಯುವಷ್ಟು ಹೊತ್ತು ನಿಂತರೆ ಸಾಕು, ಸಹನಶಕ್ತಿಯ ಪರೀಕ್ಷೆ ಪಾಸಾದಂತೆ.

‘ಅನುಭವ’ ಎಂಬ ಕಾಲಂ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು. ಇಂಟರ್ನ್‌ಶಿಪ್ ಮಾಡಿ, ಸಂಬಳ ಕೊಡದಿದ್ದರೂ ಮಾಡಿ ಎಂದು ಒತ್ತಿ ಹೇಳಿದಿರಿ. ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಡಿಗ್ರಿಯ ಮೂರು ವರ್ಷವೂ ಸುಗ್ಗಿ ಬಂದಾಗ ಅವನು ಅಕ್ಕಿ ಗಿರಣಿಯ ವೇಬ್ರಿಡ್ಜ್ ಹತ್ತಿರ ಕೂರುತ್ತಾನೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಎಂದು ಬಿಟ್ಟರು, ಆಂಧ್ರದಿಂದ ಬಂದು ನೆಲೆಸಿದವರ ಯಾವ ಕ್ಯಾಂಪಿನ ಭತ್ತ ಎಷ್ಟು ದಿನಕ್ಕೆ ಬರುತ್ತದೆ ಎಂಬುದು ಅವನ ಬಾಯಿಪಾಠ. ಕಾಳು ಹಲ್ಲಿಗಿಟ್ಟು ಕಚ್ಚಿ ತೇವ ಹೇಳುತ್ತಾನೆ. 75 ಕೆಜಿ ಚೀಲದ ಲೆಕ್ಕದಲ್ಲಿ ದರ ಕಟ್ಟಿ, ಹಮಾಲಿ, ಬಾಡಿಗೆ, ಮುಂಗಡ ಎಲ್ಲ ಕಳೆದು ರೈತನ ಕೈಗೆ ಎಷ್ಟು ಬರುತ್ತದೆಂದು ಕ್ಯಾಲ್ಕುಲೇಟರ್ ಇಲ್ಲದೆ ಹೇಳುತ್ತಾನೆ. ಕ್ಯಾಂಪಿನವರ ಜೊತೆ ತೆಲುಗು, ಬಿಹಾರದ ಹಮಾಲರ ಜೊತೆ ಹಿಂದಿ, ಸಾಹುಕಾರರ ಜೊತೆ ಮೌನ, ಹೀಗೆ ಸಂವಹನ ಕೌಶಲ್ಯವೂ ಇದೆ. ರಾತ್ರಿ ಎರಡು ಗಂಟೆಗೆ ಲಾರಿಯವರು ಜಗಳ ತೆಗೆದಾಗ ಬಿಡಿಸುವವನೂ ಅವನೇ. ಅವನ ರೆಸ್ಯೂಮೆ ತೆಗೆದು ನೋಡಿದೆ. ಅನುಭವ: ಇಲ್ಲ. ಬಲ್ಲ ಭಾಷೆಗಳು: ಕನ್ನಡ, ಇಂಗ್ಲಿಷ್.

‘ಯಾಕಪ್ಪಾ, ಗಿರಣಿ ಕೆಲಸ ಬರಿಬಾರದೇನು?’ ಎಂದೆ.

‘ಅದೇನ್ ಕೆಲಸರಿ ಸರ? ಅದಕ್ಕ ಪಗಾರ ಕೊಡ್ತಾರ,’ ಎಂದ.

ಅವನು ತಮ್ಮ ಭಾಷಣವನ್ನು ನನಗಿಂತ ಚೆನ್ನಾಗಿ ಅರ್ಥಮಾಡಿಕೊಂಡಿದ್ದಾನೆ. ದುಡ್ಡು ಕೊಟ್ಟರೆ ಕೂಲಿ, ಕೊಡದಿದ್ದರೆ ಇಂಟರ್ನ್‌ಶಿಪ್.

ನೆಟ್‌ವರ್ಕಿಂಗ್ ವಿಷಯದಲ್ಲಿ ಮಾತ್ರ ನಾವು ಬೆಂಗಳೂರಿಗಿಂತ ಒಂದು ಹೆಜ್ಜೆ ಮುಂದಿದ್ದೇವೆ ಎಂದು ನಮ್ರವಾಗಿ ತಿಳಿಸುತ್ತೇನೆ. ನಮ್ಮ ನೆಟ್‌ವರ್ಕ್ ಎಂದರೆ ಆ ಝರಾಕ್ಸ್ ಅಂಗಡಿಯ ಅಣ್ಣ. ಬೋರ್ಡಿನ ಮೇಲೆ ‘ಎಲ್ಲಾ ತರಹದ ಆನ್‌ಲೈನ್ ಅರ್ಜಿ ಹಾಕಲಾಗುವುದು’ ಎಂದಿದೆ. ಅವನ ಕಂಪ್ಯೂಟರಿನಲ್ಲಿ ತಾಲ್ಲೂಕಿನ ಅರ್ಧ ಯುವಜನತೆ ಫೋಲ್ಡರ್ ಫೋಲ್ಡರಾಗಿ ಮಲಗಿದೆ: ಫೋಟೊ, ಸಹಿ, ಜಾತಿ ಆದಾಯದ ಆರ್‌ಡಿ ನಂಬರ್, ಯಾರದೋ ಪಾಸ್‌ವರ್ಡ್, ಯಾರದೋ ಅಪ್ಪನ ಮೊಬೈಲಿಗೆ ಬರುವ ಒಟಿಪಿ. ಯಾವ ಅಧಿಸೂಚನೆ ಬಂತು, ಯಾವುದು ಕೋರ್ಟಿಗೆ ಹೋಯಿತು, ಯಾವುದರ ಕೊನೆಯ ದಿನಾಂಕ ಮುಂದಕ್ಕೆ ಹೋಯಿತು ಎಂಬುದು ಅವನ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಬಾರದೆ ನಮ್ಮಲ್ಲಿ ಜಾರಿಗೇ ಬರುವುದಿಲ್ಲ.

ಕೊನೆಯ ದಿನ ಸಂಜೆ ಅಲ್ಲಿ ಒಮ್ಮೆ ನಿಂತು ನೋಡಬೇಕು. ಮಸ್ಕಿ ಕಡೆಯ ಹಳ್ಳಿಯ ಹುಡುಗಿ ಬಿಳಿ ಹಾಳೆಯ ಮೇಲೆ ಕಪ್ಪು ಪೆನ್ನಿನಿಂದ ಮತ್ತೆ ಮತ್ತೆ ಸಹಿ ಹಾಕುತ್ತಿರುತ್ತಾಳೆ. ಸಹಿ 40 ಕೆಬಿ ದಾಟಿದರೆ ಸರ್ವರ್ ಒಪ್ಪುವುದಿಲ್ಲ, ಕುಗ್ಗಿಸಿದರೆ ಮಸುಕಾಗುತ್ತದೆ. ಸಹಿ ಕೂತಿತು ಅನ್ನುವಷ್ಟರಲ್ಲಿ ಮುಂದಿನ ಕಾಲಂ: ಗ್ರಾಮೀಣ ಅಭ್ಯರ್ಥಿಯೇ? ಹೌದು. ಪ್ರಮಾಣಪತ್ರ? ಒಂದರಿಂದ ಹತ್ತರವರೆಗೆ ಓದಿದ ಶಾಲೆಗಳ ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಬಿಇಒ ಅವರ ಮೇಲುಸಹಿ. ಕನ್ನಡ ಮಾಧ್ಯಮವೇ? ಅದಕ್ಕೆ ಬೇರೆ ಪತ್ರ. ಹೆಡ್‌ಮಾಸ್ತರರು ಟ್ರೇನಿಂಗಿಗೆ ಹೋಗಿದ್ದಾರೆ, ಬಿಇಒ ಮೀಟಿಂಗಿಗೆ ಹೋಗಿದ್ದಾರೆ. ಎಲ್ಲ ಪತ್ರಗಳೂ ಕೊನೆಯ ದಿನಾಂಕದೊಳಗಿನವೇ ಆಗಿರಬೇಕು. ಕೊನೆಯ ದಿನಾಂಕ ಇವತ್ತು.

ಎಲ್ಲಕ್ಕೂ ಮೇಲೆ 371ಜೆ ವಿಧಿ. ಸಂವಿಧಾನದ 98ನೇ ತಿದ್ದುಪಡಿಯಿಂದ ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಬಂದ ಭಾಗ್ಯ ಅದು. 2013 ರಿಂದ ಸ್ಥಳೀಯ ವೃಂದದ ಎ, ಬಿ ಗುಂಪಿನ ಹುದ್ದೆಗಳಲ್ಲಿ ಶೇ 75, ಸಿ ಗುಂಪಿನಲ್ಲಿ ಶೇ 80, ಡಿ ಗುಂಪಿನಲ್ಲಿ ಶೇ 85 ನಮ್ಮವರಿಗೇ. ನೀವು ಈ ನೆಲದವರು ಎಂದು ಬರೆದುಕೊಡುವ ಅಧಿಕಾರ ಸಹಾಯಕ ಆಯುಕ್ತರದು, ಕಚೇರಿ ಲಿಂಗಸುಗೂರಿನಲ್ಲಿ. ಸಿಂಧನೂರಿನವನು ಮಸ್ಕಿ ದಾಟಿ ಲಿಂಗಸುಗೂರಿಗೆ ಹೋಗಿ ತಾನು ಸಿಂಧನೂರಿನವನೇ ಎಂಬುದನ್ನು ಖಚಿತಪಡಿಸಿಕೊಂಡು ಬರುತ್ತಾನೆ. ಶೇ 80 ಖಂಡಿತ ನಮ್ಮದೇ ಸರ್. ಯಾವುದರ ಶೇ 80 ಎಂಬುದಕ್ಕೆ ಅಧಿಸೂಚನೆ ಬರಬೇಕು.

ಅಧಿಸೂಚನೆಯ ಮಾತು ಬಂತು. ‘ಯೋಜನೆ ಮಾಡದಿರುವುದೆಂದರೆ ಸೋಲಿಗೆ ಯೋಜನೆ ಮಾಡಿದಂತೆ’ ಎಂದು ತಾವು ಹೇಳಿದಾಗ ಹುಡುಗರು ಜೋರಾಗಿ ಚಪ್ಪಾಳೆ ತಟ್ಟಿದರು. ಅವರ ಯೋಜನೆಯ ಕತೆ ಕೇಳಿ. 545 ಪಿಎಸ್‌ಐ ಹುದ್ದೆಗೆ 2021 ರ ಅಕ್ಟೋಬರ್ 3 ರಂದು ಪರೀಕ್ಷೆ ಆಯಿತು. ಮರುವರ್ಷ ಅಕ್ರಮ ಬಯಲಾಗಿ ರದ್ದಾಯಿತು. ಮರುಪರೀಕ್ಷೆ 2024 ರ ಜನವರಿ 23 ಕ್ಕೆ. ಮೊದಲ ಪರೀಕ್ಷೆಯ ಹೊತ್ತಿಗೆ ಬಿಎ ಸೇರಿದವನು ಮರುಪರೀಕ್ಷೆಯ ಹೊತ್ತಿಗೆ ಕೊನೆಯ ವರ್ಷದಲ್ಲಿದ್ದ. 384 ಕೆಎಎಸ್ ಹುದ್ದೆಗೆ 2024 ರ ಆಗಸ್ಟ್‌ನಲ್ಲಿ ಪೂರ್ವಭಾವಿ ಪರೀಕ್ಷೆ, ಡಿಸೆಂಬರಿನಲ್ಲಿ ಅದನ್ನೇ ಇನ್ನೊಮ್ಮೆ. ನಡುವೆ ಅಕ್ಟೋಬರಿನಲ್ಲಿ, ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡ ಎಂದು ಸಂಪುಟ ನಿರ್ಧರಿಸಿತು. ಒಳಮೀಸಲಾತಿ ನ್ಯಾಯವಾದದ್ದೇ, ದಶಕಗಳ ಬೇಡಿಕೆ. ತೀರ್ಮಾನಿಸಲು ಅಷ್ಟು ದಶಕ ತೆಗೆದುಕೊಂಡವರು ಕಾಯುವ ಪಾಳಿಯನ್ನು ಮಾತ್ರ ಓದುವ ಮಕ್ಕಳಿಗೆ ಹಚ್ಚಿದರು. ಧಾರವಾಡದ ಸಪ್ತಾಪುರದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ಕೋಚಿಂಗಿಗೆಂದು ಕೋಣೆ ಹಿಡಿದು ಕೂತ ನಮ್ಮ ಹಳೆಯ ವಿದ್ಯಾರ್ಥಿಗಳ ಬಾಡಿಗೆಗೆ ಯಾವ ಸಂಪುಟವೂ ತಡೆ ಕೊಡಲಿಲ್ಲ.

ಅದೇ ವರ್ಷ ನವೆಂಬರ್ 17 ರಂದು ಪಿಡಿಒ ಪರೀಕ್ಷೆ ಸಿಂಧನೂರಿಗೇ ಬಂತು. ಕೇಂದ್ರದಲ್ಲಿ ಕೂತವರಿಗಿಂತ ಪ್ರಶ್ನೆಪತ್ರಿಕೆ ಕಡಿಮೆ ಇವೆ, ಸೋರಿಕೆಯಾಗಿದೆ ಎಂದು ಆರೋಪಿಸಿ ಅಭ್ಯರ್ಥಿಗಳು ಹೊರಬಂದು ರಸ್ತೆಯಲ್ಲಿ ಕೂತರು. ಸೋರಿಕೆ ಆಗಿಲ್ಲ ಎಂದಿತು ಲೋಕಸೇವಾ ಆಯೋಗ. ಕೂತವರಲ್ಲಿ ಕೆಲವರ ಮೇಲೆ ಪೊಲೀಸರು ಪ್ರಕರಣ ದಾಖಲಿಸಿದರು. ಮಗನ ಹೆಸರು ಸರ್ಕಾರಿ ದಾಖಲೆಯಲ್ಲಿ ಬರಲಿ ಎಂದು ಅಂಬಾಮಠದ ಅಮ್ಮನಿಗೆ ಹರಕೆ ಹೊರುವ ತಾಯಂದಿರು ಇನ್ನು ಮೇಲೆ ಯಾವ ದಾಖಲೆ ಎಂಬುದನ್ನೂ ಬಿಡಿಸಿ ಹೇಳಬೇಕು.

ಹಾಗಂತ ನಮ್ಮ ಮಕ್ಕಳಿಗೆ ಊರಿನಿಂದ ಏನೂ ಸಹಾಯವಿಲ್ಲ ಎನ್ನಲಾರೆ. ಸಾಮಾನ್ಯ ಜ್ಞಾನದ ಯಾವ ಪುಸ್ತಕ ತೆರೆದರೂ ನಾವಿದ್ದೇವೆ. ಅಶೋಕನ ಹೆಸರು ಮೊದಲು ಸಿಕ್ಕ ಶಾಸನ? ಮಸ್ಕಿ. ಕಂಡುಹಿಡಿದದ್ದು? 1915 ರಲ್ಲಿ, ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್. ಚಿನ್ನದ ಗಣಿ? ಹಟ್ಟಿ, ಲಿಂಗಸುಗೂರು ತಾಲ್ಲೂಕು. ಪ್ರತಿ ಪರೀಕ್ಷೆಯಲ್ಲೂ ಒಂದಂಕ ಗ್ಯಾರಂಟಿ. ಅದು ಊರಿನವರಿಗೆ ದೇವಾನಾಂಪ್ರಿಯನು ಕೊಟ್ಟ ಕೃಪಾಂಕ, ಅದಕ್ಕೆ ಬಿಇಒ ಮೇಲುಸಹಿಯೂ ಬೇಡ. ಹಟ್ಟಿಯೊಳಗೆ ಕೆಲಸ ಸಿಗುವುದು ಬೇರೆ ವಿಷಯ. ಐಟಿಐ ಮುಗಿಸಿದ ಹುಡುಗರಿಗೆ ಅದರ ನೇಮಕಾತಿ ಪ್ರಕಟಣೆ ಚಿನ್ನದಷ್ಟೇ ಅಪರೂಪ.

‘ಕಂಫರ್ಟ್ ಝೋನ್ ಬಿಟ್ಟು ಬನ್ನಿ’ ಎಂಬ ತಮ್ಮ ಮಾತನ್ನೂ ಪಾಲಿಸಿದೆವು. ಹೆಸರು ಬೇಡ, ಬೆಂಗಳೂರಿನ ಒಂದು ಕಂಪನಿಯವರು ಮಕ್ಕಳನ್ನು ಆರಿಸಿದರು. ತಿಂಗಳಿಗೆ 14 ಸಾವಿರ. ಆರಿಸಿದವರಲ್ಲಿ ಒಬ್ಬಳ ತಂದೆ ಆಫರ್ ಲೆಟರ್ ಹಿಡಿದು ನನ್ನ ಹತ್ತಿರ ಬಂದರು. ಓದು ಬಾರದ ಮನುಷ್ಯ, ಲೆಕ್ಕ ಬಲ್ಲವರು. ಪಿಜಿಗೆ ಎಷ್ಟು, ಬಸ್ಸಿಗೆ ಎಷ್ಟು, ಮೊದಲ ತಿಂಗಳ ಪಗಾರ ಟ್ರೇನಿಂಗಿಗೆ ಹಿಡಿದುಕೊಳ್ಳುತ್ತಾರಂತಲ್ಲ ಅದು ಎಷ್ಟು ಎಂದು ಬೆರಳು ಮಡಚಿ ಕೇಳಿದರು. ಕೊನೆಗೆ, ‘ಸರ, ನಮ್ಮ ಹುಡುಗಿ ದುಡಿಯಾಕ ಹೊಂಟಾಳೋ, ಕಟ್ಟಾಕ ಹೊಂಟಾಳೋ?’ ಎಂದರು. ಆ ಪತ್ರದ ಜೊತೆಗಿದ್ದ ಅರ್ಜಿಯಲ್ಲಿ ‘ಬೆಂಗಳೂರಿನಲ್ಲಿ ನಿಮ್ಮನ್ನು ಬಲ್ಲ ಇಬ್ಬರ ಹೆಸರು’ ಎಂಬ ಕಾಲಂ ಇತ್ತು. ಅಪ್ಪ ಅಮ್ಮ ಇಬ್ಬರೂ ಬೇಸಿಗೆಗೆ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗುವವರು. ಹುಡುಗಿ ಮೇಸ್ತ್ರಿಯ ಹೆಸರು ಬರೆದಳು. ಹತ್ತು ವರ್ಷದ ಪರಿಚಯ, ಮನೆತನ ಬಲ್ಲವನು, ಫೋನ್ ಮಾಡಿದರೆ ಎತ್ತುತ್ತಾನೆ. ಎಚ್‌ಆರ್‌ನವರು ಒಪ್ಪಲಿಲ್ಲ, ಪ್ರೊಫೆಷನಲ್ ರೆಫರೆನ್ಸ್ ಬೇಕಂತೆ. ಮೇಸ್ತ್ರಿಗಿಂತ ಪ್ರೊಫೆಷನಲ್ ಆದವರು ಯಾರೂ ನಮಗೆ ಹೊಳೆಯಲಿಲ್ಲ. ತಮ್ಮ ಹೆಸರು ಕೊಟ್ಟಿದ್ದೇವೆ. ಫೋನ್ ಬಂದರೆ ದಯವಿಟ್ಟು ಎತ್ತಿ.

ಉಳಿದವರಿಗೆ ಯುವನಿಧಿ ಇದೆ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500. ಪಾಸಾಗಿ 180 ದಿನ ಖಾಲಿ ಇರಬೇಕು, ಸಿಗುವುದು ಎರಡು ವರ್ಷದವರೆಗೆ. ‘ನಾನು ಇನ್ನೂ ನಿರುದ್ಯೋಗಿಯೇ’ ಎಂದು ಕಾಲಕಾಲಕ್ಕೆ ಸ್ವಯಂಘೋಷಣೆ ಮಾಡಿಕೊಳ್ಳಬೇಕು. ಅಣ್ಣನ ಅಂಗಡಿಯಲ್ಲಿ ಅದಕ್ಕೂ ಪಾಳಿ. ನಮ್ಮ ಮಕ್ಕಳು ತಪ್ಪದೆ ಹಾಜರಿ ಹಾಕುತ್ತಿರುವ ಏಕೈಕ ಹುದ್ದೆ ಅದು.

ಕೊನೆಯದಾಗಿ ತಮ್ಮ ಗೌರವಧನದ ವಿಷಯ. ಬಿಲ್ಲನ್ನು ಕಳಿಸಿದ್ದೆವು, ಖಜಾನೆಯಿಂದ ಆಕ್ಷೇಪಣೆಯೊಂದಿಗೆ ವಾಪಸ್ ಬಂದಿದೆ. ತಾವು ಕೊಟ್ಟ ವಿಸಿಟಿಂಗ್ ಕಾರ್ಡ್ ಗುರುತಿನ ದಾಖಲೆ ಅಲ್ಲವಂತೆ. ಪ್ಯಾನ್ ಮತ್ತು ಆಧಾರ್ ಪ್ರತಿ, ಎರಡರಲ್ಲೂ ಇನಿಶಿಯಲ್ ಒಂದೇ ರೀತಿ ಇರಬೇಕು (ಇಲ್ಲದಿದ್ದರೆ ನೋಟರಿಯವರಿಂದ ಅಫಿಡವಿಟ್ ಮಾಡಿಸಿ), ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ರೈಲಿನ ಮೂಲ ಟಿಕೆಟ್, ರೆವಿನ್ಯೂ ಸ್ಟಾಂಪ್ ಮೇಲೆ ಸಹಿ ಮಾಡಿದ ರಸೀದಿ, ತಾವು ವಿಷಯ ತಜ್ಞರು ಎಂಬುದಕ್ಕೆ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ಎಲ್ಲವೂ ಮಾರ್ಚ್ 31 ರೊಳಗಿನ ದಿನಾಂಕದಲ್ಲಿರಬೇಕು, ಆಮೇಲೆ ಅನುದಾನ ಲ್ಯಾಪ್ಸ್ ಆಗುತ್ತದೆ. ಸ್ಕ್ಯಾನ್ ಮಾಡಿದ ಸಹಿಯೊಂದನ್ನೂ ಕಳಿಸಿ, ಬಿಳಿ ಹಾಳೆ, ಕಪ್ಪು ಇಂಕು, 40 ಕೆಬಿ ಒಳಗೆ. ಅದು ಆಗದಿದ್ದರೆ ನಮ್ಮ ಅಣ್ಣನಿಗೆ ಹೇಳುತ್ತೇನೆ, ತಮ್ಮದೂ ಒಂದು ಫೋಲ್ಡರ್ ಮಾಡಿಡುತ್ತಾನೆ.

ತಮ್ಮ ವಿಶ್ವಾಸಿ,
ಸಂಚಾಲಕರು, ಪ್ಲೇಸ್‌ಮೆಂಟ್ ಸೆಲ್
(ಈ ಸೆಮಿಸ್ಟರ್ ಮಟ್ಟಿಗೆ)