ಹೆಣ್ಣು ಹೌದೆಂದು ದೃಢೀಕರಿಸಲಾಗಿದೆ

ನಮ್ಮ ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷ ಆಯುಷ್ಯ. ಪಿಂಚಣಿದಾರರು ತಾವಿನ್ನೂ ಬದುಕಿದ್ದೇವೆಂದು ವರ್ಷಕ್ಕೊಮ್ಮೆ ರುಜುವಾತು ಕೊಡಬೇಕು. ಇಷ್ಟೆಲ್ಲ ಕಾಗದ ಹುಟ್ಟಿಸಿದ ಸರ್ಕಾರಕ್ಕೂ ಹೊಳೆಯದ ಒಂದು ಪ್ರಮಾಣಪತ್ರ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಗೆ ಹೊಳೆದಿದೆ. 2025ರ ಸೆಪ್ಟೆಂಬರ್ 1ರಿಂದ ವಿಶ್ವ ಮಟ್ಟದ ಮಹಿಳಾ ಸ್ಪರ್ಧೆಗೆ ಇಳಿಯುವವರು ಕೆನ್ನೆಯ ಒಳಭಾಗವನ್ನು ಕಡ್ಡಿಯಲ್ಲಿ ಒರೆಸಿ ಕೊಡಬೇಕು, ಇಲ್ಲವೇ ರಕ್ತ ಕೊಡಬೇಕು. ಎಸ್‌ಆರ್‌ವೈ ಎಂಬ ಜೀನ್ ಸಿಗದಿದ್ದರೆ ಹೆಣ್ಣು. ಒಮ್ಮೆ ಮಾಡಿಸಿದರೆ ಆಯಿತು, ನವೀಕರಣದ ತಾಪತ್ರಯವಿಲ್ಲ. ಗಂಡಸರಿಗೆ ಈ ಪರೀಕ್ಷೆಯೇ ಇಲ್ಲ. ಅವರ ಮಾತನ್ನು ಸಂಸ್ಥೆ ನಂಬುತ್ತದೆ.

ಖಯಾಲಿ ಹೊಸದೇನಲ್ಲ. 1966ರಲ್ಲಿ ಬುಡಾಪೆಸ್ಟ್‌ನ ಯುರೋಪಿಯನ್ ಕೂಟದಲ್ಲಿ ಓಟಗಾರ್ತಿಯರನ್ನು ಡಾಕ್ಟರುಗಳ ಮುಂದೆ ಬೆತ್ತಲೆ ನಿಲ್ಲಿಸಿದರು. ಅದು ಅಸಹ್ಯವೆಂದು ತಿಳಿಯಲು ಸ್ವಲ್ಪ ಸಮಯ ಹಿಡಿಯಿತು. 1968ರ ಮೆಕ್ಸಿಕೊ ಒಲಿಂಪಿಕ್ಸ್ ಹೊತ್ತಿಗೆ ಕ್ರೋಮೋಸೋಮು ಎಣಿಸುವ ನಾಗರಿಕ ಪದ್ಧತಿ ಬಂತು. ಪೋಲೆಂಡಿನ ಏವಾ ಕ್ಲೊಬುಕೊವ್‌ಸ್ಕಾ 1967ರಲ್ಲೇ ಇಂಥ ಪರೀಕ್ಷೆಯಲ್ಲಿ ನಪಾಸಾದಳು, ಮರುವರ್ಷ ಗಂಡುಮಗು ಹೆತ್ತಳು. ಫಲಿತಾಂಶ ಮಗುವಿಗೆ ತಲುಪಿರಲಿಲ್ಲವೆಂದು ಕಾಣುತ್ತದೆ. 1976ರ ಮಾಂಟ್ರಿಯಲ್‌ನಲ್ಲಿ ಬ್ರಿಟನ್ನಿನ ರಾಜಕುಮಾರಿ ಆ್ಯನ್‌ಗೆ ಮಾತ್ರ ವಿನಾಯಿತಿ. ಅರಮನೆಯಲ್ಲಿ ಹುಟ್ಟಿದವರ ವಿಷಯದಲ್ಲಿ ವಿಜ್ಞಾನ ಬಾಗಿಲ ಹೊರಗೇ ಚಪ್ಪಲಿ ಬಿಡುತ್ತದೆ. 1996ರ ಅಟ್ಲಾಂಟದಲ್ಲಿ 3,387 ಮಹಿಳೆಯರನ್ನು ಪರೀಕ್ಷಿಸಿದರು. ಎಂಟು ಮಂದಿ ಸಿಕ್ಕಿಬಿದ್ದರು. ಎಂಟೂ ಮಂದಿಗೆ ಸ್ಪರ್ಧಿಸಲು ಬಿಟ್ಟರು. ಕೊನೆಗೆ 1999ರಲ್ಲಿ ಒಲಿಂಪಿಕ್ ಸಮಿತಿ ಈ ಉಸಾಬರಿಯನ್ನೇ ಕೈಬಿಟ್ಟಿತು. ಈಗ ಮತ್ತೆ ಜೀನು. ಈ ಜೀನನ್ನು 1990ರಲ್ಲಿ ಪತ್ತೆ ಹಚ್ಚಿದ ಆಂಡ್ರ್ಯೂ ಸಿಂಕ್ಲೇರ್, ಹೆಣ್ಣು ಗಂಡು ತೀರ್ಮಾನಿಸಲು ಇದೊಂದನ್ನೇ ನೆಚ್ಚಬೇಡಿ ಎನ್ನುತ್ತಿದ್ದಾರೆ. ಪಾಪ, ಅವರು ಕೇವಲ ವಿಜ್ಞಾನಿ, ಪದಾಧಿಕಾರಿಯಲ್ಲ.

ಮಹಿಳಾ ವಿಭಾಗಕ್ಕೆ ಗಡಿಯೇ ಬೇಡ ಎನ್ನುವವರ ಜೊತೆಗೂ ನಾನಿಲ್ಲ. ನೂರು ಮೀಟರಿನಲ್ಲಿ ಗಂಡಸರ ವಿಶ್ವ ದಾಖಲೆ 9.58 ಸೆಕೆಂಡ್, ಹೆಂಗಸರದು 10.49. ಹದಿಹರೆಯದ ಟೆಸ್ಟೊಸ್ಟೆರೋನು ಮೂಳೆ ಸ್ನಾಯುಗಳಿಗೆ ಏನೂ ಮಾಡುವುದಿಲ್ಲ ಎಂದು ವೇದಿಕೆ ಹತ್ತಿ ಭಾಷಣ ಬಿಗಿಯುವವರು ಒಮ್ಮೆ ಯಾವುದಾದರೂ ಹೈಸ್ಕೂಲಿನ ಕ್ರೀಡಾಕೂಟಕ್ಕೆ ಹೋಗಿ ಕೂರಲಿ. ಗಡಿ ಬೇಕು, ಒಪ್ಪೋಣ. ಆದರೆ ಆ ಗಡಿಕಲ್ಲು ರಾತ್ರೋರಾತ್ರಿ ಓಡಾಡುವ ಚೆಂದ ನೋಡಿ.

2018ರಲ್ಲಿ ಸಂಸ್ಥೆ ಒಂದು ನಿಯಮ ಮಾಡಿತು. ಹುಟ್ಟಿನಿಂದಲೇ ಟೆಸ್ಟೊಸ್ಟೆರೋನು ಹೆಚ್ಚಿರುವ ಕೆಲವು ಓಟಗಾರ್ತಿಯರು ಔಷಧಿ ನುಂಗಿ ಅದನ್ನು 5 ನ್ಯಾನೊಮೋಲ್‌ಗಿಂತ ಕೆಳಗಿಳಿಸಬೇಕು. ಎಲ್ಲಿ? 400 ಮೀಟರಿನಿಂದ ಒಂದು ಮೈಲಿಯವರೆಗಿನ ಓಟಗಳಲ್ಲಿ ಮಾತ್ರ. ಎರಡು ಒಲಿಂಪಿಕ್ ಚಿನ್ನ ಗೆದ್ದ ದಕ್ಷಿಣ ಆಫ್ರಿಕಾದ ಕಾಸ್ಟರ್ ಸೆಮೆನ್ಯಾಗೆ 800 ಮೀಟರು ಬಂದಾಯಿತು. 2022ರ ವಿಶ್ವ ಕೂಟದಲ್ಲಿ ಆಕೆ 5,000 ಮೀಟರ್ ಓಡಿದಳು. ಮಹಿಳೆಯಾಗಿಯೇ, ಯಾರ ತಕರಾರೂ ಇಲ್ಲದೆ. ಅಂದರೆ 1,609 ಮೀಟರಿನೊಳಗೆ ಅನುಮಾನಾಸ್ಪದಳು, ಅದರಾಚೆಗೆ ಅಪ್ಪಟ ಹೆಣ್ಣು. ಕೂಟದಿಂದ ಬೇಗ ಹೊರಬಿದ್ದಳು ಎನ್ನುವುದೂ ಆ ಹೆಣ್ತನಕ್ಕೆ ಕೊಂಚ ನೆರವಾಗಿರಬಹುದು. ಒಡಿಶಾದ ದ್ಯುತಿ ಚಂದ್ ಇದರ ಇನ್ನೊಂದು ತುದಿ. ಟೆಸ್ಟೊಸ್ಟೆರೋನು ಹೆಚ್ಚೆಂದು 2014ರಲ್ಲಿ ಗ್ಲಾಸ್ಗೊ ಕಾಮನ್‌ವೆಲ್ತ್ ತಂಡದಿಂದ ಅವಳನ್ನು ಕೈಬಿಟ್ಟರು. ಅವಳು ಕ್ರೀಡಾ ನ್ಯಾಯಮಂಡಳಿಗೆ ಹೋಗಿ ಮರುವರ್ಷ ಅಂದಿನ ನಿಯಮವನ್ನೇ ಅಮಾನತು ಮಾಡಿಸಿದಳು. ಹೊಸ ನಿಯಮ ಬಂದಾಗ ಅವಳ 100, 200 ಮೀಟರು ಅದರಲ್ಲಿ ಇರಲೇ ಇಲ್ಲ. ಅದೇ ವರ್ಷ ಜಕಾರ್ತದಲ್ಲಿ ಎರಡು ಬೆಳ್ಳಿ. ದೇಹ ಅದೇ, ರಕ್ತ ಅದೇ, ಬದಲಾದದ್ದು ಸುತ್ತೋಲೆ. 2023ರಲ್ಲಿ ಇನ್ನೊಂದು ಸುತ್ತೋಲೆ: ಮಿತಿ 2.5, ಎಲ್ಲ ಓಟಕ್ಕೂ.

ಇವರಾರೂ ಟ್ರಾನ್ಸ್‌ಜೆಂಡರ್ ಅಲ್ಲ ಎಂಬುದು ಈ ಗದ್ದಲದಲ್ಲಿ ಯಾರಿಗೂ ಕೇಳಿಸದು. ಹೆಣ್ಣಾಗಿ ಹುಟ್ಟಿದರು, ಹೆಣ್ಣಾಗಿ ಬೆಳೆದರು. ಗುಲ್ಲೆಲ್ಲ ಇರುವುದು ಪದಕದಾಸೆಗೆ ಗಂಡಸರು ಸೀರೆ ಉಟ್ಟು ಬರುತ್ತಾರೆಂಬ ಭಯದ್ದು. ಒಲಿಂಪಿಕ್ಸ್ ಟ್ರಾನ್ಸ್ ಕ್ರೀಡಾಪಟುಗಳಿಗೆ ಬಾಗಿಲು ತೆರೆದದ್ದು 2004ರಲ್ಲಿ. ಹದಿನೇಳು ವರ್ಷ ಕಾದ ಮೇಲೆ ಟೋಕಿಯೊಗೆ ಬಹಿರಂಗವಾಗಿ ಬಂದ ಟ್ರಾನ್ಸ್ ಮಹಿಳೆ ನ್ಯೂಜಿಲೆಂಡಿನ ವೇಟ್‌ಲಿಫ್ಟರ್ ಲಾರೆಲ್ ಹಬ್ಬರ್ಡ್. ಮೂರು ಸಲ ಎತ್ತಿದಳು, ಮೂರೂ ಫೌಲು. (ನಲವತ್ತಮೂರರ ವಯಸ್ಸಿನಲ್ಲಿ ಒಲಿಂಪಿಕ್ಸ್ ತಲುಪಿದ್ದೇ ಗಂಡುಮೈಯ ಲಾಭ ಎಂದರೆ ಅದೂ ಯೋಚಿಸಬೇಕಾದ ಮಾತೇ, ಆದರೆ ಅಷ್ಟು ನಿಧಾನವಾಗಿ ವಾದಿಸುವ ವ್ಯವಧಾನ ಯಾರಿಗಿದೆ?) 2024ರ ಡಿಸೆಂಬರಿನಲ್ಲಿ ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆಯ ಅಧ್ಯಕ್ಷರು ಸೆನೆಟ್ ಮುಂದೆ ಲೆಕ್ಕ ಒಪ್ಪಿಸಿದರು: 5,10,000 ಆಟಗಾರರಲ್ಲಿ ತಮಗೆ ಗೊತ್ತಿರುವ ಟ್ರಾನ್ಸ್‌ಜೆಂಡರ್‌ಗಳು ಹತ್ತಕ್ಕಿಂತ ಕಡಿಮೆ. ಆ ಹತ್ತರೊಳಗಿನವರಿಂದ ದೇಶ ಕಾಯಲು ಎರಡು ತಿಂಗಳಲ್ಲಿ ಸಾಕ್ಷಾತ್ ಅಧ್ಯಕ್ಷ ಟ್ರಂಪ್ ಆದೇಶಕ್ಕೆ ಸಹಿ ಹಾಕಿದರು, ಸುತ್ತ ಪುಟ್ಟ ಹುಡುಗಿಯರನ್ನು ನಿಲ್ಲಿಸಿಕೊಂಡು.

ಜನ್ಮಜಾತ ಲಾಭವೇ ಅನ್ಯಾಯವಾದರೆ ಫಿನ್ಲೆಂಡಿನ ಈರೊ ಮಾಂಟಿರಾಂಟನನ್ನು ಏನು ಮಾಡಬೇಕು? ಅವನ ಮನೆತನದಲ್ಲೇ ಒಂದು ಜೀನ್ ವ್ಯತ್ಯಾಸವಿತ್ತು. ರಕ್ತ ಮಾಮೂಲಿಗಿಂತ ಬಹಳ ಹೆಚ್ಚು ಆಮ್ಲಜನಕ ಹೊರುತ್ತಿತ್ತು. ಸ್ಕೀಯಿಂಗ್‌ನಲ್ಲಿ ಏಳು ಒಲಿಂಪಿಕ್ ಪದಕ ಗೆದ್ದ. ಮುಂದೆ ವಿಜ್ಞಾನಿಗಳು ಬಂದು ಜೀನು ಕಂಡುಹಿಡಿದು ಬೆರಗಾದರು. ಪದಕ ವಾಪಸು ಕೊಡು ಎನ್ನಲಿಲ್ಲ.

ತಮಿಳುನಾಡಿನ ಪುದುಕೋಟೆ ಕಡೆಯ ಶಾಂತಿ ಸೌಂದರರಾಜನ್‌ ಪದಕವನ್ನು ಮಾತ್ರ ಕಿತ್ತುಕೊಂಡರು. 2006ರ ದೋಹಾ ಏಷ್ಯನ್ ಗೇಮ್ಸ್, 800 ಮೀಟರ್, ಬೆಳ್ಳಿ, ಆಮೇಲೆ ಹೆಣ್ಣು ಹೌದೋ ಎಂಬ ಪರೀಕ್ಷೆಯಲ್ಲಿ ನಪಾಸು. ಇಟ್ಟಿಗೆ ಗೂಡಿನ ಕೂಲಿಗಳ ಮಗಳು ಮುಂದೊಮ್ಮೆ ತಾನೂ ಗೂಡಿಗೆ ಕೆಲಸಕ್ಕೆ ಹೋದಳು. ನಮ್ಮ ಗೂಡು ಗದ್ದೆಗಳಲ್ಲಿ ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ. ಯಾರಿಗೆ ಯಾವ ಕೂಲಿ ಎಂದು ತೀರ್ಮಾನಿಸಲು ಅಲ್ಲಿನ ಮೇಸ್ತ್ರಿ ಇದುವರೆಗೆ ಒಬ್ಬರ ಕೆನ್ನೆಯನ್ನೂ ಒರೆಸಿದ್ದಿಲ್ಲ.