ಮೆಟ್ಟಿಲ ಕೆಳಗಿನ ಗ್ರಂಥಾಲಯ: ಒಂದು ಬಹಿರಂಗ ಪತ್ರ

ಇವರಿಗೆ: ನವಿ ಮುಂಬಯಿಯ ಮಹಾಪೆ, ಘನ್ಸೋಲಿ, ಕೋಪರ್‌ಖೈರಣೆ ಆಸುಪಾಸಿನಲ್ಲಿ ಹೊಸ ಶಾಲೆ ಕಟ್ಟಲು ಹೊರಟಿರುವ ಆಡಳಿತ ಮಂಡಳಿಗಳು

ವಿಷಯ: ಸಣ್ಣ ಶಾಲೆಯ ಗ್ರಂಥಾಲಯದ ಅಳತೆ ಮತ್ತು ಸೌಕರ್ಯಗಳ ಕುರಿತು

ಮಾನ್ಯರೆ,

ಶಾಲಾ ಗ್ರಂಥಾಲಯವೆಂದರೆ ಕಚೇರಿ, ಟ್ರಸ್ಟಿಗಳ ಕೊಠಡಿ, ಯೂನಿಫಾರ್ಮ್ ಕೌಂಟರ್, ಜನರೇಟರ್ ಇವಕ್ಕೆಲ್ಲ ಜಾಗ ಹಂಚಿದ ಮೇಲೆ ನಕ್ಷೆಯಲ್ಲಿ ಉಳಿಯುವ ಮೂಲೆ. ಈ ವ್ಯಾಖ್ಯೆ ಯಾವ ಕಾನೂನಿನಲ್ಲೂ ಇಲ್ಲ, ರೂಢಿಯಲ್ಲಿದೆ. ಮೂಲೆ ಸಾಮಾನ್ಯವಾಗಿ ಮೆಟ್ಟಿಲ ಕೆಳಗೇ ಸಿಗುತ್ತದೆ. ಅಲ್ಲಿ ನೆಟ್ಟಗೆ ನಿಲ್ಲಲಾಗುವುದಿಲ್ಲ ಎಂಬುದು ನಿಜ. ಆದರೆ ಯಾರೂ ಒಳಗೆ ಹೋಗುವುದಿಲ್ಲವಾದ್ದರಿಂದ ಇದುವರೆಗೆ ದೂರು ಬಂದಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕೆನ್ನುತ್ತದೆ. ಪತ್ರಿಕೆ, ನಿಯತಕಾಲಿಕ, ಎಲ್ಲ ವಿಷಯಗಳ ಪುಸ್ತಕ, ಕಥೆಪುಸ್ತಕ ಅಲ್ಲಿರಬೇಕೆಂದೂ ಹೇಳುತ್ತದೆ. ಉದ್ದಗಲ ಮಾತ್ರ ಹೇಳುವುದಿಲ್ಲ. ಕಾಯ್ದೆ ಹೇಳದೆ ಬಿಟ್ಟದ್ದನ್ನು ಗ್ರಹಿಸುವುದರಲ್ಲಿ ಆಡಳಿತ ಮಂಡಳಿಗಳದು ಎತ್ತಿದ ಕೈ. ಹೀಗಾಗಿ ಒಂದು ಕಬ್ಬಿಣದ ಬೀರು ಇದ್ದರೆ ಅದು ಗ್ರಂಥಾಲಯ. ಎರಡಿದ್ದರೆ ಕೇಂದ್ರ ಗ್ರಂಥಾಲಯ. ಮೂರನೆಯದಕ್ಕೆ ದಾನಿಯ ಹೆಸರಿನ ಫಲಕ ಬೀಳುತ್ತದೆ.

ಸಿಬಿಎಸ್‌ಇ ಮಾನ್ಯತೆ ಬೇಕೆನ್ನುವ ಶಾಲೆಗೆ ಇಷ್ಟು ಸಲೀಸಿಲ್ಲ. ಅದರ ನಿಯಮಾವಳಿ 14 ಮೀಟರ್ ಉದ್ದ, 8 ಮೀಟರ್ ಅಗಲದ ಕೊಠಡಿ ಕೇಳಿದೆ, ಅಂದರೆ 112 ಚದರ ಮೀಟರ್. ಪಠ್ಯಪುಸ್ತಕ ಬಿಟ್ಟು ಮಗುವಿಗೆ ಐದರಂತೆ, ಆರಂಭದಲ್ಲಿ ಕನಿಷ್ಠ 1,500 ಪುಸ್ತಕ. ಅಂತರರಾಷ್ಟ್ರೀಯ ಗ್ರಂಥಾಲಯ ಒಕ್ಕೂಟ (ಇಫ್ಲಾ) 2002ರ ಮಾರ್ಗಸೂಚಿಯಲ್ಲಿ ಮಗುವಿಗೆ ಹತ್ತು ಎಂದಿತು, ಅತಿ ಸಣ್ಣ ಶಾಲೆಗೂ 2,500. ಆ ಅಂಕಿಯನ್ನು ಮಂಡಳಿಯ ಸಭೆಯಲ್ಲಿ ಓದುವುದು ಬೇಡ, ಚಹಾ ಆರಿಹೋಗುತ್ತದೆ.

ಈ 112 ಚದರ ಮೀಟರ್ ಎಲ್ಲಿಂದ ಬಂತೆಂದು ಗೊಣಗುವ ಬದಲು ಲೆಕ್ಕ ಹಾಕಿ ನೋಡಬಹುದು. ಒಂದು ಮೀಟರ್ ಹಲಗೆಯಲ್ಲಿ ಸುಮಾರು 35 ಪುಸ್ತಕ ನಿಲ್ಲುತ್ತವೆ. 90 ಸೆಂ.ಮೀ. ಅಗಲದ, ನಾಲ್ಕು ಹಲಗೆಯ ಒಂದು ರ್‍ಯಾಕಿನಲ್ಲಿ 125ರಷ್ಟು. ಮುಂದೆ ಬರುವ ಪುಸ್ತಕಗಳಿಗೆಂದು ಮೂರರಲ್ಲೊಂದು ಭಾಗ ಖಾಲಿ ಬಿಟ್ಟರೆ 1,500 ಪುಸ್ತಕಕ್ಕೆ 18 ರ್‍ಯಾಕು ಬೇಕು. ಎದುರಿಗೆ 90 ಸೆಂ.ಮೀ. ದಾರಿ ಬಿಡಬೇಕು, ಗಾಲಿಕುರ್ಚಿಯ ಮಗುವೂ ಬರುತ್ತದೆ. ಎಲ್ಲ ಸೇರಿ ಸುಮಾರು 20 ಚದರ ಮೀಟರ್. ಮೇಜು ಕುರ್ಚಿ ಹಾಕಿ ಓದುವ ಒಬ್ಬರಿಗೆ ರೂಢಿಯ ಅಳತೆ ಸುಮಾರು 2.3 ಚದರ ಮೀಟರ್. ನಲವತ್ತು ಮಕ್ಕಳ ಒಂದು ತರಗತಿಗೆ 92. ಎರಡೂ ಕೂಡಿದರೆ 112. ಗ್ರಂಥಪಾಲಕರ ಮೇಜಿಗೆ ಮಾತ್ರ ಅಂಗುಲ ಜಾಗವೂ ಉಳಿಯುವುದಿಲ್ಲ. ಅವರ ನೇಮಕವೇ ಆಗಿರುವುದಿಲ್ಲವಾದ್ದರಿಂದ ಲೆಕ್ಕ ಸರಿಹೋಗುತ್ತದೆ.

ಸಿಬಿಎಸ್‌ಇ ಮಾನ್ಯತೆ ಬೇಡದ, ನೂರೈವತ್ತು ಮಕ್ಕಳ ಶಾಲೆಗೆ ಇಷ್ಟು ದೊಡ್ಡ ಕೊಠಡಿ ಎಲ್ಲಿಂದ ತರುವುದು ಎಂಬುದು ನ್ಯಾಯವಾದ ಪ್ರಶ್ನೆ. ಅದಕ್ಕೆ 8 ಮೀಟರ್‌ಗೆ 6 ಮೀಟರ್‌ನ ಒಂದು ಮಾಮೂಲಿ ತರಗತಿ ಕೋಣೆ ಸಾಕು. 750 ಪುಸ್ತಕದ ಒಂಬತ್ತು ರ್‍ಯಾಕುಗಳಿಗೆ ಹತ್ತು ಚದರ ಮೀಟರ್, ಗ್ರಂಥಪಾಲಕರಿಗೆ ಐದು. ಉಳಿದ 33ರಲ್ಲಿ ಜಮಖಾನ ಹಾಸಿದರೆ ಮೂವತ್ತು ಮಕ್ಕಳು ಆರಾಮವಾಗಿ ಕೂರುತ್ತಾರೆ, ಒಂದಿಬ್ಬರು ಮಲಗಿಯೂ ಓದುತ್ತಾರೆ. ಮಲಗಿ ಓದುವುದು ಶಿಸ್ತಿಗೆ ಭಂಗವೆಂದು ವಾದಿಸುವವರು ಮಂಡಳಿಯಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ. ಜಮಖಾನದ ಖರ್ಚು ತೋರಿಸಿದರೆ ಅವರೂ ಒಪ್ಪುತ್ತಾರೆ.

ಯಾವ ಮಹಡಿ ಎಂಬುದರಲ್ಲಿ ಎಚ್ಚರ ಬೇಕು. ಭಾರತೀಯ ಮಾನಕ ಐಎಸ್ 875ರ ಪ್ರಕಾರ ತರಗತಿ ಕೋಣೆಯ ನೆಲವನ್ನು ಚದರ ಮೀಟರಿಗೆ 3 ಕಿಲೋನ್ಯೂಟನ್, ಅಂದರೆ ಸುಮಾರು 300 ಕಿಲೋ ಭಾರಕ್ಕೆ ಲೆಕ್ಕ ಹಾಕುತ್ತಾರೆ. ಎತ್ತರದ ಪುಸ್ತಕದ ರ್‍ಯಾಕುಗಳ ಕೋಣೆಗೆ 6, ಸರಿಯಾಗಿ ಇಮ್ಮಡಿ. ಮೂರನೇ ಮಹಡಿಯ ತರಗತಿಯಲ್ಲಿ ಸೂರಿನವರೆಗೆ ಪುಸ್ತಕ ಪೇರಿಸಿದರೆ ಜ್ಞಾನದ ಭಾರ ಎಂಬ ಮಾತು ಕೆಳಗಿನ ತರಗತಿಗೆ ಬೇರೆ ರೀತಿಯಲ್ಲಿ ಅರ್ಥವಾಗುತ್ತದೆ. ರ್‍ಯಾಕಿನ ಎತ್ತರ 1.3 ಮೀಟರ್ ದಾಟದಿದ್ದರೆ ಆ ಭಯ ಇಳಿಯುತ್ತದೆ, ಎರಡನೇ ತರಗತಿಯ ಮಗುವಿನ ಕೈಗೂ ಎಟಕುತ್ತದೆ. ಸದ್ಯದ ಪದ್ಧತಿಯಲ್ಲಿ ಮಗುವಿಗೆ ಎಟಕುವುದು ಬೀರುವಿನ ಬೀಗವೊಂದೇ.

ಬೀರುವಿನ ಒಳಗೇನಿದೆ ಎಂಬುದನ್ನೂ ನೋಡಬೇಕು. ಮೇಲಿನ ಹಲಗೆಯಲ್ಲಿ ವಿಶ್ವಕೋಶದ ಸಂಪುಟಗಳು, ಪ್ಲಾಸ್ಟಿಕ್ ಹೊದಿಕೆ ಬಿಚ್ಚಿಲ್ಲ. ಅದರ ಕೆಳಗೆ ಕ್ರೀಡಾಕೂಟದ ಪಾರಿತೋಷಕಗಳು. ಕೆಳಗಿನದರಲ್ಲಿ ಹಳೆಯ ಉತ್ತರಪತ್ರಿಕೆಗಳ ಕಟ್ಟು, ಅದರ ಮೇಲೆ ಎರಡು ನುಸಿಗುಳಿಗೆ. ಬೀಗದ ಕೈ ಮುಖ್ಯೋಪಾಧ್ಯಾಯರ ಡ್ರಾಯರಿನಲ್ಲಿ. ಡ್ರಾಯರಿನ ಕೀಲಿ ಪ್ಯೂನ್ ಬಳಿ. ಪ್ಯೂನ್ ಬ್ಯಾಂಕಿಗೆ ಹೋಗಿದ್ದಾನೆ. ತಪಾಸಣೆಯ ದಿನ ಬೀರು ತೆರೆಯುತ್ತದೆ, ಪುಸ್ತಕಗಳ ಧೂಳು ಕೊಡವಲಾಗುತ್ತದೆ, ಸಹಿಯಾಗುತ್ತದೆ. ಪುಸ್ತಕ ಇರುವುದು ಬಳಸಲಿಕ್ಕೆ ಎಂದು ಎಸ್.ಆರ್. ರಂಗನಾಥನ್ ತಮ್ಮ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಮೊದಲನೆಯದಾಗಿಯೇ ಹೇಳಿದ್ದು 1931ರಲ್ಲಿ. ಬೆಂಗಳೂರಿನಲ್ಲಿ 1962ರಲ್ಲಿ ಅವರು ಸ್ಥಾಪಿಸಿದ ತರಬೇತಿ ಕೇಂದ್ರ ಇಂದಿಗೂ ಗ್ರಂಥಾಲಯ ವಿಜ್ಞಾನಿಗಳನ್ನು ತಯಾರು ಮಾಡುತ್ತಿದೆ. ಬೀಗದ ಕಂಪನಿಗಳಿಗೆ ಮಾತ್ರ ಸುದ್ದಿ ಇನ್ನೂ ಮುಟ್ಟಿಲ್ಲ.

ಮಹಾಪೆಯ ಹವೆಯ ವಿಷಯ. ಒಂದು ಕಡೆ ಠಾಣೆ ಖಾರಿ, ಇನ್ನೊಂದು ಕಡೆ ಪಾರ್ಸಿಕ್ ಗುಡ್ಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಮುಚ್ಚಿದ ಬೀರುವಿನಲ್ಲಿ ಬೂಷ್ಟು ಹಿಡಿಯಲು ಇಷ್ಟು ಸಾಕು. ತೆರೆದ ರ್‍ಯಾಕು, ಗೋಡೆಯಿಂದ ಅಂಗೈಯಗಲ ದೂರ, ನೆಲದಿಂದ ಅಷ್ಟೇ ಎತ್ತರ, ಎದುರುಬದುರು ಕಿಟಕಿ, ಎರಡು ಫ್ಯಾನು: ಬೇಕಾದ್ದು ಇಷ್ಟೇ. ಪಕ್ಕದ ಮಿಲೇನಿಯಂ ಬಿಸಿನೆಸ್ ಪಾರ್ಕಿನಲ್ಲಿ ಸರ್ವರುಗಳು ಹಗಲೂ ರಾತ್ರಿ ಏಸಿಯಲ್ಲಿ ಕೂರುತ್ತವೆ, ಅದರ ಮೇಲೆ ಯಾರಿಗೂ ಹೊಟ್ಟೆಕಿಚ್ಚಿಲ್ಲ. ಪುಸ್ತಕ ಕೇಳುವುದು ಗಾಳಿ ಮಾತ್ರ. ಅದಕ್ಕೂ ಬಜೆಟ್ಟಿಲ್ಲ ಎಂದು ಠರಾವು ಬರೆಯುವಾಗ ಸಭಾಕೊಠಡಿಯ ಏಸಿಯನ್ನು ಕೊಂಚ ಆರಿಸಬಹುದು.

ಭಾಷೆಯ ಲೆಕ್ಕ ಮೇಜು ಕುರ್ಚಿಯ ಲೆಕ್ಕಕ್ಕಿಂತ ಕಷ್ಟ. ಈ ಸೀಮೆಯ ಒಂದು ತರಗತಿಯಲ್ಲಿ ಮರಾಠಿ, ಆಗ್ರಿ, ಹಿಂದಿ, ಉಡುಪಿಯಿಂದ ಬಂದ ಹೋಟೆಲಿನವರ ಮನೆಯ ತುಳು, ಕಲಬುರ್ಗಿ ವಿಜಯಪುರದಿಂದ ಕಟ್ಟಡ ಕೆಲಸಕ್ಕೆ ಬಂದವರ ಕನ್ನಡ, ಎಲ್ಲವೂ ಕೂತಿರುತ್ತವೆ. ರ್‍ಯಾಕಿನಲ್ಲಿ ಇಂಗ್ಲಿಷ್ ಒಂದೇ ಕೂತಿರುತ್ತದೆ. ಹಗಲು ಲೋಟ ತೊಳೆದು ರಾತ್ರಿ ಶಾಲೆಗೆ ಹೋದ ಕನ್ನಡ ಹುಡುಗರ ಕಥೆ ಮುಂಬಯಿ ಕನ್ನಡಿಗರಿಗೆ ಹೊಸತಲ್ಲ. ಅವರಲ್ಲಿ ಕೆಲವರು ಇಂದು ಇಂಥ ಮಂಡಳಿಗಳಲ್ಲೇ ಇದ್ದಾರೆ. ಡೊಂಬಿವಲಿಯಲ್ಲಿ ಕರ್ನಾಟಕ ಸಂಘವೇ ಮಂಜುನಾಥ ವಿದ್ಯಾಲಯ ನಡೆಸುತ್ತದೆ. ಶಾಲೆ ಯಾವ ಮಾಧ್ಯಮದ್ದೇ ಇರಲಿ, ಎರಡು ಹಲಗೆ ಕನ್ನಡಕ್ಕೆ, ಅದಕ್ಕಿಂತ ಹೆಚ್ಚು ಮರಾಠಿಗೆ ಮೀಸಲಿಟ್ಟರೆ ಮಗು ಮನೆಗೆ ಒಯ್ದ ಪುಸ್ತಕವನ್ನು ಅಜ್ಜಿಯೂ ಓದಬಹುದು. ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್, ನವಕರ್ನಾಟಕದಂಥ ಪ್ರಕಾಶಕರ ಮಕ್ಕಳ ಪುಸ್ತಕಗಳ ಬೆಲೆ ಕೇಳಿ ಯಾರೂ ಮೂರ್ಛೆ ಹೋಗುವುದಿಲ್ಲ.

ಡಿಜಿಟಲ್ ಗ್ರಂಥಾಲಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಬಟ್ಟೆ ಹೊದ್ದ ಒಂದು ಟಿವಿ.

ವೇಳಾಪಟ್ಟಿಯಲ್ಲಿ ತರಗತಿಗೆ ವಾರಕ್ಕೊಂದು ಗ್ರಂಥಾಲಯ ಪಿರಿಯಡ್ ಬರೆದಿರುತ್ತದೆ. ಅದನ್ನು ಗಣಿತದವರು ಪೋರ್ಶನ್ ಮುಗಿಸಲು ಪಡೆಯುತ್ತಾರೆ. ಹೀಗಾಗಿ ಆ ಪಿರಿಯಡ್ಡಿನಲ್ಲಿ ಮಕ್ಕಳು ಕಲಿಯುವುದು ಭಾಗಾಕಾರ. ಗ್ರಂಥಪಾಲಕರೊಬ್ಬರು ಇಲ್ಲದೆ ಇದು ಬದಲಾಗದು. ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಆರಂಭಿಸಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಾಗ ಹಲವು ಕಡೆ ಇದ್ದದ್ದು ಒಂದೇ ಕೋಣೆ, ಮತ್ತು ಅದರ ಬಾಗಿಲು ತೆರೆದು ಕೂರುವ ಒಬ್ಬರು. ಇದೇ ಮಹಾರಾಷ್ಟ್ರದ ಭಿಲಾರಿನಲ್ಲಿ 2017ರಿಂದ ಸ್ಟ್ರಾಬೆರಿ ಬೆಳೆಗಾರರ ಮನೆಯ ಪಡಸಾಲೆಗಳೇ ಪುಸ್ತಕದ ಮನೆಗಳಾಗಿವೆ. ಪಡಸಾಲೆಯನ್ನು ಊರಿಗೆ ಬಿಟ್ಟುಕೊಡುವವರು ರೈತರು. ಟ್ರಸ್ಟಿಗಳ ಕೊಠಡಿ ಬಿಟ್ಟುಕೊಡುವ ಪ್ರಸ್ತಾಪ ಈ ಪತ್ರದಲ್ಲಿ ಇಲ್ಲ.

ಹಣದ ಮಾತು ಚಿಕ್ಕದು. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಸರ್ಕಾರಿ ಶಾಲೆಗೆ ವರ್ಷಕ್ಕೆ ಗ್ರಂಥಾಲಯ ಅನುದಾನ ₹5,000ದಿಂದ ₹20,000ವರೆಗೆ ನಿಗದಿಯಾಗಿತ್ತು. ಗೇಟಿನ ಕಮಾನಿಗೆ ಗ್ರಾನೈಟ್ ಹೊದಿಸುವ ಖಾಸಗಿ ಶಾಲೆ ಅಷ್ಟಕ್ಕಿಂತ ಕಡಿಮೆ ಕೊಡಲು ಕಾರಣ ಹುಡುಕಬೇಕಾಗುತ್ತದೆ.

ಆದ್ದರಿಂದ ನಕ್ಷೆಗೆ ಸಹಿ ಬೀಳುವ ಮುನ್ನ ಗಾಳಿ ಬೆಳಕಿರುವ ಒಂದು ತರಗತಿಯಷ್ಟು ಜಾಗದ ಮೇಲೆ ‘ಗ್ರಂಥಾಲಯ’ ಎಂದು ಬರೆಸಬೇಕೆಂದೂ, ಒಬ್ಬ ಗ್ರಂಥಪಾಲಕರ ಸಂಬಳವನ್ನು ಅದೇ ಸಭೆಯಲ್ಲಿ ಮಂಜೂರು ಮಾಡಬೇಕೆಂದೂ, ಬೀರುಗಳನ್ನು ಲೆಕ್ಕಪತ್ರ ವಿಭಾಗಕ್ಕೆ ವರ್ಗಾಯಿಸಬೇಕೆಂದೂ ಕೋರಲಾಗಿದೆ.

ಇಂತಿ,
ಮೆಟ್ಟಿಲ ಕೆಳಗಿನ 1,500 ಪುಸ್ತಕಗಳ ಪರವಾಗಿ